ಪದಕಕ್ಕೆ ಮುನ್ನ ಬೇಕಾದ ಬಂಡವಾಳ

ಪದಕ ಗೆದ್ದು ಬಂದವರಿಗೆ ಶಾಲು, ಹಾರ, ನಗದು ಬಹುಮಾನ ನೀಡಲು ವರ್ತಕ ಸಮುದಾಯ ಎಂದೂ ಹಿಂಜರಿದಿಲ್ಲ. ಆದರೆ ಕ್ರೀಡಾಪಟುವಿಗೆ ಹಣದ ಮುಗ್ಗಟ್ಟು ಎದುರಾಗುವುದು ಅದಕ್ಕೆ ಎಷ್ಟೋ ವರ್ಷ ಮೊದಲು, ಹೆಸರೇ ಇಲ್ಲದ ಕಾಲದಲ್ಲಿ.

1980ರ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಚಾಂಪಿಯನ್ ಪ್ರಕಾಶ್ ಪಡುಕೋಣೆಯವರು ಬಿಲಿಯರ್ಡ್ಸ್ ಪಟು ಗೀತ್ ಸೇಠಿಯವರೊಡನೆ 2001ರಲ್ಲಿ ಒಲಿಂಪಿಕ್ ಗೋಲ್ಡ್ ಕ್ವೆಸ್ಟ್ ಸಂಸ್ಥೆಯನ್ನು ಸ್ಥಾಪಿಸಿದರು. ದಾನಿಗಳಿಂದ ಬಂದ ಹಣವು ತರಬೇತಿ, ಫಿಸಿಯೋಥೆರಪಿ, ಸಲಕರಣೆ, ಪ್ರವಾಸಗಳಿಗೆ ವಿನಿಯೋಗವಾಗುತ್ತದೆ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಗಳಿಸಿದ 6 ಪದಕಗಳಲ್ಲಿ 4 ಈ ನೆರವು ಪಡೆದವರದು: ಸೈನಾ ನೆಹ್ವಾಲ್, ಮೇರಿ ಕೋಮ್, ಗಗನ್ ನಾರಂಗ್, ವಿಜಯ್ ಕುಮಾರ್.

2013ರ ಕಂಪನಿ ಕಾಯ್ದೆಯ 7ನೆಯ ಅನುಸೂಚಿಯು ಗ್ರಾಮೀಣ, ಒಲಿಂಪಿಕ್ ಹಾಗೂ ಪ್ಯಾರಾಲಿಂಪಿಕ್ ಕ್ರೀಡಾ ತರಬೇತಿಯನ್ನು ಸಾಮಾಜಿಕ ಹೊಣೆಗಾರಿಕೆಯ ವೆಚ್ಚವೆಂದು ಮಾನ್ಯ ಮಾಡಿದೆ. ಸಣ್ಣ ಉದ್ಯಮಿಗಳಿಗೆ ಆ ಕಡ್ಡಾಯವಿಲ್ಲ. ಆದರೂ ಪಕ್ಕದೂರಿನ ಓಟಗಾರ್ತಿಯೊಬ್ಬಳ ಸ್ಪೈಕ್ಸ್ ಬೂಟು, ರೈಲು ಟಿಕೆಟು, ನಿತ್ಯದ ಹಾಲು-ಮೊಟ್ಟೆಗೆ ದೊಡ್ಡ ನಿಧಿಯೇನೂ ಬೇಕಿಲ್ಲ. ಬೇಕಾದುದು ಮೂರು-ನಾಲ್ಕು ವರ್ಷ ತಪ್ಪದೆ ಪಾವತಿಸುವ ತಾಳ್ಮೆ. ಒಂದು ವರ್ಷ ಕೊಟ್ಟು ಕೈಬಿಟ್ಟರೆ ಅಭ್ಯಾಸ ಅರ್ಧದಲ್ಲೇ ನಿಲ್ಲುತ್ತದೆ; ಕೊಟ್ಟ ಹಣವೂ ವ್ಯರ್ಥ.

ಮಾನ್ಯತೆ ಪಡೆದ ಟ್ರಸ್ಟಿಗೆ ದೇಣಿಗೆ ನೀಡಿ ತೆರಿಗೆ ವಿನಾಯಿತಿ ಬಯಸುವವರು ಗಮನಿಸಬೇಕು: 2,000 ರೂ. ಮೀರಿದ ಮೊತ್ತವನ್ನು ನಗದಾಗಿ ಕೊಟ್ಟರೆ ಅದು ದೊರೆಯುವುದಿಲ್ಲ.