ಅಡ್ಡಹೆಸರಿನ ಮೂಲಶೋಧನೆ

ಒಂದೇ ಅಡ್ಡಹೆಸರನ್ನು ಧರಿಸಿದ ಇಬ್ಬರು ಅಪರಿಚಿತರು ಸಂಧಿಸಿದಾಗ, ತಮ್ಮ ಹಿರಿಯರು ಎಂದಾದರೂ ಒಂದೇ ಮನೆಯವರಾಗಿದ್ದರೋ ಎಂಬ ಕುತೂಹಲ ಅವರಲ್ಲಿ ಹುಟ್ಟುವುದು ಮಾನವಸಹಜವಾದುದು. ಇಂಗ್ಲೆಂಡಿನಲ್ಲಿ 1066ರ ನಾರ್ಮನ್ ವಿಜಯದ ತರುವಾಯ ಕ್ರಮೇಣ ರೂಢಿಗೆ ಬಂದ ಈ ಹೆಸರುಗಳ ಮೂಲವನ್ನು ಅರಸಿದ ವಂಶಚರಿತ್ರಕಾರರಿಗೆ, ಚರ್ಚುಗಳಲ್ಲಿ ದೀಕ್ಷಾಸ್ನಾನ, ವಿವಾಹ, ಶವಸಂಸ್ಕಾರಗಳನ್ನು ಬರೆದಿಡುವ ಪದ್ಧತಿ ಮೊದಲಾದದ್ದೇ 1538ರಲ್ಲಾದ ಕಾರಣ, ಅದಕ್ಕೂ ಹಿಂದಿನ ಸಾಮಾನ್ಯ ಕುಟುಂಬಗಳ ವೃತ್ತಾಂತ ಬಹುಮಟ್ಟಿಗೆ ಅಗೋಚರವಾಗಿಯೇ ಉಳಿದಿತ್ತು.

ಕಾಗದಪತ್ರಗಳು ಮೌನವಾಗುವೆಡೆಯಲ್ಲಿ ಮಾತನಾಡಬಲ್ಲ ಸಾಕ್ಷಿಯೊಂದು ಪುರುಷನ ಬಹುತೇಕ ಎಲ್ಲ ಜೀವಕೋಶಗಳ ಬೀಜಕೇಂದ್ರಗಳಲ್ಲಿ ಅಡಗಿದೆ. ಉಳಿದ ವರ್ಣತಂತುಗಳು ತಲೆಮಾರಿನಿಂದ ತಲೆಮಾರಿಗೆ ತಮ್ಮ ಜೋಡಿಯೊಡನೆ ಅಂಶಗಳನ್ನು ವಿನಿಮಯ ಮಾಡಿಕೊಳ್ಳುತ್ತ ಸಾಗಿದರೆ, ವೈ ವರ್ಣತಂತು ಮಾತ್ರ, ಅಡ್ಡಹೆಸರಿನಂತೆಯೇ, ತಂದೆಯಿಂದ ಮಗನಿಗೆ ಬಹುತೇಕ ಅಖಂಡವಾಗಿ ಇಳಿದುಬರುತ್ತದೆ. ಅದರಲ್ಲಿ ಮತ್ತೆ ಮತ್ತೆ ಬರುವ ಕಿರಿಯ ಡಿ.ಎನ್.ಎ. ಅಕ್ಷರಸರಣಿಗಳ ಆವರ್ತನಸಂಖ್ಯೆ ಉತ್ಪರಿವರ್ತನೆಯಿಂದ ವಿರಳವಾಗಿ ವ್ಯತ್ಯಾಸ ಹೊಂದುವುದುಂಟು. ಈ ಸಂಖ್ಯೆಗಳು ಇಬ್ಬರಲ್ಲಿ ಎಷ್ಟು ಹೆಚ್ಚು ಹೊಂದುವುವೋ, ಅವರ ಸಮಾನ ಪಿತೃಪುರುಷನು ಅಷ್ಟು ಸಮೀಪದವನೆಂದು ಊಹಿಸಬಹುದು. ವೈ ವರ್ಣತಂತುವಿಲ್ಲದ ಹೆಣ್ಣುಮಕ್ಕಳು ಈ ಪರೀಕ್ಷೆಗೆ ತಂದೆಯನ್ನೋ ಸೋದರನನ್ನೋ ಆಶ್ರಯಿಸಬೇಕಾಗುತ್ತದೆ.

ಆಕ್ಸ್‌ಫರ್ಡಿನ ತಳಿವಿಜ್ಞಾನಿ ಬ್ರಯಾನ್ ಸೈಕ್ಸ್ ತನ್ನ ಅಡ್ಡಹೆಸರನ್ನೇ ಹೊತ್ತ 48 ಮಂದಿಯನ್ನು ಪರೀಕ್ಷಿಸಿ 2000ದಲ್ಲಿ ಫಲಿತಾಂಶವನ್ನು ಪ್ರಕಟಿಸಿದಾಗ, ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರ ವೈ ಲಕ್ಷಣ ಒಂದೇ ಆಗಿದ್ದಿತು. ಅವರ ನೆರೆಹೊರೆಯ ಇತರ ಹೆಸರಿನವರಲ್ಲಿ ಅದು ಕಾಣಲಿಲ್ಲ. ಆ ಹೆಸರಿಗೆ ಹಲವು ಮೂಲಗಳಿದ್ದಿರಬೇಕೆಂದು ಲಿಖಿತ ಆಧಾರಗಳು ಸೂಚಿಸಿದ್ದರೂ, ವರ್ಣತಂತುವಿನ ಸಾಕ್ಷ್ಯವು ಒಬ್ಬನೇ ಮೂಲಪುರುಷನತ್ತ ಕೈತೋರಿತು. ಅನಂತರ ಲೆಸ್ಟರ್ ವಿಶ್ವವಿದ್ಯಾನಿಲಯದ ಟ್ಯೂರಿ ಕಿಂಗ್ ಮತ್ತು ಮಾರ್ಕ್ ಜಾಬ್ಲಿಂಗ್ ಅವರು 40 ಅಡ್ಡಹೆಸರುಗಳ 1,678 ಪುರುಷರನ್ನು ಪರಿಶೀಲಿಸಿ, ಅಟೆನ್‌ಬರೋದಂತಹ ವಿರಳನಾಮಗಳವರಲ್ಲಿ ಬಹುಮಂದಿ ಏಕಮೂಲದವರೆಂದೂ, ಊರೂರಿನ ಕಮ್ಮಾರರಿಗೂ ಸಲ್ಲುತ್ತಿದ್ದ ಸ್ಮಿತ್ ಎಂಬ ಹೆಸರಿನವರಲ್ಲಿ ಅಂತಹ ಬಾಂಧವ್ಯ ಕಾಣದೆಂದೂ 2009ರಲ್ಲಿ ತೋರಿಸಿಕೊಟ್ಟರು.

ಆದರೆ ದತ್ತುಸ್ವೀಕಾರ, ತಾಯಿಯ ಕಡೆಯ ಹೆಸರನ್ನು ತಳೆಯುವುದು, ವಿವಾಹಬಾಹಿರ ಜನನ ಇವೆಲ್ಲ ಹೆಸರಿಗೂ ರಕ್ತಕ್ಕೂ ಇರುವ ಸಂಬಂಧವನ್ನು ಕಡಿದುಹಾಕಬಲ್ಲವು. ಇದಕ್ಕೆ ರಾಜವಂಶಗಳೂ ಹೊರತಲ್ಲ. 2012ರಲ್ಲಿ ಲೆಸ್ಟರಿನ ವಾಹನ ನಿಲುಗಡೆಯ ಜಾಗವೊಂದರ ಅಡಿಯಲ್ಲಿ ದೊರೆತ ಮೂರನೆಯ ರಿಚರ್ಡ್ ದೊರೆಯ ಅಸ್ಥಿಗಳು, ಆತನ ಸೋದರಿಯಿಂದ ಹೆಣ್ಣಿನ ಕಡೆಯಲ್ಲಿ ಇಳಿದುಬಂದ ವಂಶಜರೊಡನೆ ಮಾತೃವಂಶದ ಡಿ.ಎನ್.ಎ.ಯಲ್ಲಿ ಹೊಂದಿಕೊಂಡುವಾದರೂ, ದಾಖಲೆಗಳ ಪ್ರಕಾರ ಅದೇ ಪಿತೃವಂಶಕ್ಕೆ ಸೇರಿದ ಪುರುಷರೊಡನೆ ವೈ ವರ್ಣತಂತುವಿನಲ್ಲಿ ಹೊಂದಲಿಲ್ಲ. ಇನ್ನು, ಯಾರ್ಕ್‌ಷೈರಿನ ಒಂದು ವಿರಳ ಅಡ್ಡಹೆಸರಿನ 18 ಮಂದಿಯಲ್ಲಿ 7 ಮಂದಿಯ ವೈ ವರ್ಣತಂತು ಪಶ್ಚಿಮ ಆಫ್ರಿಕದ ಮೂಲದ್ದೆಂಬುದು 2007ರಲ್ಲಿ ಪ್ರಕಟವಾಯಿತು. ತಮ್ಮ ವಂಶಕ್ಕೆ ಆಫ್ರಿಕದ ಸಂಬಂಧವಿದ್ದೀತೆಂದು ಆ ಕುಟುಂಬದವರು ಭಾವಿಸಿರಲೇ ಇಲ್ಲ.

ಇಷ್ಟಾಗಿಯೂ ಅಡ್ಡಹೆಸರು ಅನುಸರಿಸುವುದು ಒಂದೇ ಒಂದು ಎಳೆಯನ್ನು. ಹತ್ತು ತಲೆಮಾರು ಹಿಂದಕ್ಕೆ ಹೋದರೆ ನಮ್ಮ ಪೂರ್ವಜರ ಸ್ಥಾನಗಳು 1,024. ವೈ ವರ್ಣತಂತು ಅವುಗಳಲ್ಲಿ ಒಬ್ಬನನ್ನು ಮಾತ್ರ ಬಲ್ಲುದು. ತಾಯಂದಿರು, ಅಜ್ಜಿಯರು, ಅವರ ತವರುಗಳು ಎಲ್ಲವೂ ಅದರ ದೃಷ್ಟಿಗೆ ಹೊರಗು. ಆದುದರಿಂದ ಇಂತಹ ಪರೀಕ್ಷೆಗೆ ಮುಂದಾಗುವವರು, ಅನಿರೀಕ್ಷಿತವಾದ ಉತ್ತರವನ್ನೂ ಸಮಚಿತ್ತದಿಂದ ಸ್ವೀಕರಿಸಲು ಸಿದ್ಧರಾಗಿ, ಕುಟುಂಬದ ಇತರರ ಮನಸ್ಸನ್ನು ಮೊದಲೇ ಕೇಳಿ ತಿಳಿದುಕೊಂಡು, ಫಲಿತಾಂಶವನ್ನು ಚರಿತ್ರೆಯ ಒಂದು ಪುಟವೆಂದು ಓದಲಿ. ಕುಲದ ಹಿರಿಮೆಯನ್ನೋ ಕೀಳರಿಮೆಯನ್ನೋ ಅದರಿಂದ ಅಳೆಯದಿರಲಿ.