ಕೆಮ್ಮಿನ ಜೊತೆ ಭೇದಿಯೂ ಆದಾಗ

ಮನೆಯಲ್ಲಿ ಒಬ್ಬರಿಗೆ ನೆಗಡಿ, ಕೆಮ್ಮು, ಜ್ವರ. ಇನ್ನೊಬ್ಬರಿಗೆ ಎರಡು ದಿನದಿಂದ ವಾಕರಿಕೆ, ಭೇದಿ. ಮುರಗೋಡ ಸುತ್ತಮುತ್ತಲಿನ ಹಳ್ಳಿಗಳವರು ಇವೆರಡನ್ನೂ ಬೇರೆ ಬೇರೆ ಕಾಯಿಲೆ ಎಂದುಕೊಳ್ಳುವುದೇ ಹೆಚ್ಚು. ‘ಮದುವೆ ಊಟ ಅಜೀರ್ಣ ಆಗೈತ್ರಿ’ ಎನ್ನುತ್ತಾರೆ. ಆದರೆ ಎರಡಕ್ಕೂ ಒಂದೇ ವೈರಸ್ ಕಾರಣವಿರಬಹುದು.

ಕೊರೋನಾ ಇದನ್ನು ಸ್ಪಷ್ಟವಾಗಿ ತೋರಿಸಿತು. 2020ರ ಜನವರಿಯಲ್ಲಿ ಅಮೆರಿಕದಲ್ಲಿ ಪತ್ತೆಯಾದ ಮೊದಲ ರೋಗಿಗೆ ಕೆಮ್ಮು, ಜ್ವರದ ಜೊತೆ ವಾಂತಿಯೂ ಇತ್ತು. ಆಸ್ಪತ್ರೆ ಸೇರಿದ ಮೇಲೆ ಭೇದಿಯಾಯಿತು. ಆತನ ಮಲದಲ್ಲೂ ವೈರಸ್‌ನ ಅಂಶ ಸಿಕ್ಕಿತು. ಈ ವೈರಸ್ ಜೀವಕೋಶದೊಳಗೆ ನುಗ್ಗುವ ‘ಎಸಿಇ-2’ ಎಂಬ ಬಾಗಿಲು ಶ್ವಾಸಕೋಶದಲ್ಲಷ್ಟೇ ಅಲ್ಲ, ಸಣ್ಣ ಕರುಳಿನಲ್ಲೂ ಹೇರಳವಾಗಿದೆ. ಕೆಲವರಿಗೆ ಕೆಮ್ಮಿಗಿಂತ ಮೊದಲೇ ಭೇದಿ ಶುರುವಾಗುತ್ತದೆ. ಫ್ಲೂ ಬಂದ ಮಕ್ಕಳಲ್ಲೂ ವಾಂತಿ, ಭೇದಿ ಕಾಣುತ್ತವೆ.

ಹೀಗಾದಾಗ ಮೊದಲ ಔಷಧಿ ನೀರು. 1 ಲೀಟರ್ ಕಾಯಿಸಿ ಆರಿಸಿದ ನೀರಿಗೆ ಓಆರ್‌ಎಸ್‌ನ ದೊಡ್ಡ ಪೊಟ್ಟಣ ಪೂರ್ತಿ ಕರಗಿಸಿ, ಗುಟುಕು ಗುಟುಕಾಗಿ ಕುಡಿಸಿ. ಪೊಟ್ಟಣ ಸಿಗದಿದ್ದರೆ ಅಷ್ಟೇ ನೀರಿಗೆ 6 ಸಮತಟ್ಟು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಗಂಜಿ, ಮಜ್ಜಿಗೆ ಕೊಡಬಹುದು. ಕೂಸಿಗೆ ತಾಯಿ ಹಾಲು ನಿಲ್ಲಿಸಬೇಡಿ. ಭೇದಿ ಕಟ್ಟುವ ಗುಳಿಗೆಯನ್ನು ಮಕ್ಕಳಿಗೆ ಕೇಳಿದವರ ಮಾತಿನ ಮೇಲೆ ಕೊಡಲೇಬಾರದು.

ನೆಗಡಿಗೆಂದು ಜೋಶಾಂದಾ ಕುಡಿಯುವವರಿಗೆ ಒಂದು ಮಾತು. ಅದರಲ್ಲಿರುವ ಸಪಿಸ್ತಾನ್, ಜ್ಯೇಷ್ಠಮಧು ಮಲವನ್ನು ಸಡಿಲಗೊಳಿಸುವಂಥವು. ಭೇದಿ ಇರುವಾಗ ಅದನ್ನು ನಿಲ್ಲಿಸಿ, ಹಕೀಮರನ್ನು ಕೇಳಿ. ರಮಝಾನಿನಲ್ಲಿ ಹೀಗಾದರೆ ರೋಝಾ ಬಿಟ್ಟು ನೀರು ಕುಡಿಯಿರಿ. ರೋಗಿಗೆ ಅದನ್ನು ಮುಂದೆ ಪೂರೈಸುವ ಅವಕಾಶವಿದೆ.

ಶೌಚದ ನಂತರ ಕೈಗೆ ಸಾಬೂನು ಹಚ್ಚಿ ತೊಳೆಯಲೇಬೇಕು. ವುಝೂ ಮಾಡಿದೆವೆಂದು ಸಾಬೂನು ಬಿಡಬೇಡಿ. ರೋಗಿಯ ಲೋಟ, ಟವೆಲ್ ಬೇರೆ ಇರಲಿ; ಒಂದೇ ತಟ್ಟೆಯಲ್ಲಿ ಊಟ ಗುಣವಾದ ಮೇಲೆ. ಕೆಮ್ಮಿದ್ದರೆ ಮಾಸ್ಕ್ ಹಾಕಿ, ಕಿಟಕಿ ತೆರೆದಿಡಿ.

ಉಸಿರು ಕಟ್ಟಿದಂತಾದರೆ, ಆಕ್ಸಿಮೀಟರ್‌ನಲ್ಲಿ ಆಮ್ಲಜನಕ 94ಕ್ಕಿಂತ ಕಡಿಮೆ ತೋರಿಸಿದರೆ, ಮಲದಲ್ಲಿ ರಕ್ತ ಕಂಡರೆ, ಆರು ತಾಸು ಮೂತ್ರವಾಗದಿದ್ದರೆ, ಮಗು ಮಂಕಾಗಿ ಕುಡಿಯಲೊಲ್ಲದಿದ್ದರೆ ಮನೆಮದ್ದು ಸಾಕು. 108ಕ್ಕೆ ಕರೆ ಮಾಡಿ, ತಡಮಾಡದೆ ಆಸ್ಪತ್ರೆಗೆ ಹೋಗಿ. ವೈದ್ಯರಿಗೆ ಹೊಟ್ಟೆಯ ತೊಂದರೆಯನ್ನಷ್ಟೇ ಹೇಳದೆ, ಮನೆಯಲ್ಲಿ ಯಾರಿಗೆ ಕೆಮ್ಮು, ಜ್ವರ ಇದೆ ಎಂಬುದನ್ನೂ ಹೇಳಿ.