ಚಡವು, ಇಳಿಜಾರು ಮತ್ತು ಒಂದು ಸೈಕಲ್

ಕಾಸರಗೋಡಿನ ಕರಾವಳಿಯಿಂದ ಮೂಡು ದಿಕ್ಕಿಗೆ ಹೊರಟರೆ ಸಮತಟ್ಟಾದ ದಾರಿ ಬೇಗನೆ ಮುಗಿಯುತ್ತದೆ. ಕುಂಬಳೆಯಿಂದ ಬದಿಯಡ್ಕ, ಅಲ್ಲಿಂದ ಪೆರ್ಲ, ಮುಳ್ಳೇರಿಯ, ಅಡೂರು, ಎತ್ತ ಹೋದರೂ ಕ್ರಮ ಒಂದೇ: ಗುಡ್ಡೆಯ ನೆತ್ತಿಗೆ ಒಂದು ಚಡವು, ಬೈಲಿಗೆ ಒಂದು ಇಳಿಜಾರು, ತೋಡಿಗೆ ಒಂದು ಸಂಕ, ಮತ್ತೆ ಚಡವು. ಇನ್ನೂ ತೆಂಕು ಮೂಡಿಗೆ ಪಾಣತ್ತೂರಿನವರೆಗೆ ಹೋದರೆ ಪಶ್ಚಿಮ ಘಟ್ಟದ ಬುಡ; ಅಲ್ಲಿಂದ ಕರಿಕೆ ದಾಟಿ ಭಾಗಮಂಡಲಕ್ಕೆ ಘಾಟಿ ದಾರಿ. ಒಳದಾರಿಗಳಲ್ಲಿ ವಾಹನ ಕಡಿಮೆ, ಎರಡೂ ಕಡೆ ಅಡಿಕೆ ತೋಟದ ನೆರಳು. ಸೈಕಲ್ ಬಿಡುವುದೇ ಹವ್ಯಾಸವಾಗಿರುವವರಿಗೆ ಇದಕ್ಕಿಂತ ಚೆಂದದ ದಾರಿ ಬೇಕೆ?

ಆದರೆ ಈ ದಾರಿಯಲ್ಲಿ ದಿನಾ ಸೈಕಲ್ ಬಿಡುವವರು ಹವ್ಯಾಸದವರಲ್ಲ, ನಮ್ಮ ಶಾಲೆಯ ಮಕ್ಕಳು. ಅವರದ್ದು ಗೇರಿಲ್ಲದ ಸೈಕಲ್, ಹಿಂದೆ ಚೀಲ, ಕೆಲವೊಮ್ಮೆ ತಮ್ಮನೋ ತಂಗಿಯೋ. ಕೆಲಸ, ಶಕ್ತಿ, ಸಾಮರ್ಥ್ಯ, ಘರ್ಷಣೆ ಎಂಬ ಪಾಠಗಳಿಗೆ ನಾವು ಬೋರ್ಡಿನಲ್ಲಿ ಮರದ ತುಂಡು, ಇಳಿಜಾರು ಹಲಗೆ ಬರೆಯುತ್ತೇವೆ. ಆ ಹಲಗೆ ಶಾಲೆಯ ಗೇಟಿನ ಹೊರಗೇ ಉಂಟು. ಅದರ ಮೇಲಿನಿಂದ ಮಗು ದಿನಕ್ಕೆರಡು ಸಲ ಹಾದುಹೋಗುತ್ತದೆ.

ನಮ್ಮ ದಾರಿ ಹೀಗೇಕೆ?

ಕಾರಣ ಮುರಕಲ್ಲು. ಬ್ರಿಟಿಷರ ಕಾಲದಲ್ಲಿ ಈ ಭಾಗದಲ್ಲಿ ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಾಡಿಪುರದಲ್ಲಿ ಈ ಕಲ್ಲನ್ನು ಕಂಡು ವಿವರಿಸಿದ. 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ಗುಡ್ಡೆಯ ನೆತ್ತಿಯಲ್ಲಿ ಈ ಕಲ್ಲು ಗಟ್ಟಿಯಾದ ಹೊದಿಕೆಯಂತೆ ಕೂತಿರುತ್ತದೆ. ಮಳೆನೀರಿಗೆ ಅದು ಬೇಗ ಸವೆಯುವುದಿಲ್ಲ. ತೋಡುಗಳು ಮಾತ್ರ ಬದಿಯನ್ನು ಕೊರೆಯುತ್ತ ಹೋಗುತ್ತವೆ. ಹಾಗಾಗಿ ಮೇಲೆ ಚಪ್ಪಟೆ, ಕೆಳಗೆ ಬೈಲು ಚಪ್ಪಟೆ, ನಡುವೆ ಮಾತ್ರ ಕಡಿದಾದ ಏರು.

ಘಾಟಿ ರಸ್ತೆಯನ್ನು ಇಂಜಿನಿಯರುಗಳು ತಿರುವು ಕೊಟ್ಟು ಉದ್ದ ಮಾಡಿ ಏರಿಸುತ್ತಾರೆ. ಎತ್ತರ ಅಷ್ಟೇ, ದಾರಿ ಉದ್ದ, ಆದ್ದರಿಂದ ಬೇಕಾಗುವ ಬಲ ಕಡಿಮೆ. ಊರಿನ ಒಳದಾರಿ ಹಾಗಲ್ಲ. ಹಳೆಯ ಕಾಲುದಾರಿಯ ಜಾಡು ಹಿಡಿದು ನೆಟ್ಟಗೆ ಹತ್ತುವ ರಸ್ತೆಗಳು ನಮ್ಮಲ್ಲಿ ಬೇಕಾದಷ್ಟಿವೆ. ದೊಡ್ಡ ಘಾಟಿಗಿಂತ ಮನೆ ಹತ್ತಿರದ ಸಣ್ಣ ಚಡವೇ ಕಾಲಿಗೆ ಭಾರ ಅನ್ನಿಸುವುದು ಇದಕ್ಕೇ.

ಚಡವನ್ನು ಅಳೆಯೋಣ

ಇದಕ್ಕೆ ಬೇಕಾದದ್ದು ಒಂದು ಮೀಟರ್ ಉದ್ದದ ನೇರ ಹಲಗೆ, ಒಂದು ಸ್ಕೇಲು, ಅರ್ಧ ನೀರು ತುಂಬಿದ ಬಾಟಲಿ. ಹಲಗೆಯನ್ನು ಏರಿನ ದಿಕ್ಕಿಗೆ ನೆಲದ ಮೇಲಿಡಿ. ಬಾಟಲಿಯನ್ನು ಅದರ ಮೇಲೆ ಉದ್ದಕ್ಕೆ ಮಲಗಿಸಿ ಹಿಡಿಯಿರಿ. ನೀರು ಸಮವಾಗುವವರೆಗೆ ಹಲಗೆಯ ಕೆಳತುದಿಯನ್ನು ಎತ್ತಿ, ಆ ತುದಿಗೂ ನೆಲಕ್ಕೂ ಇರುವ ಅಂತರ ಅಳೆಯಿರಿ. 5 ಸೆಂಟಿಮೀಟರ್ ಬಂದರೆ ಆ ಜಾಗದ ಏರು ಶೇಕಡಾ 5. 10 ಬಂದರೆ ಶೇಕಡಾ 10. ಹತ್ತು ಹತ್ತು ಹೆಜ್ಜೆಗೆ ಒಮ್ಮೆ ಅಳೆದು ಗ್ರಾಫ್ ಹಾಳೆಯಲ್ಲಿ ಬಿಡಿಸಿದರೆ ಮಕ್ಕಳ ಕಣ್ಣಮುಂದೆ ಆ ಚಡವಿನ ಚಿತ್ರವೇ ಮೂಡುತ್ತದೆ. ಮುಖ್ಯರಸ್ತೆ ಬೇಡ, ಶಾಲೆಯ ಅಂಗಳಕ್ಕೆ ಬರುವ ದಾರಿ ಸಾಕು.

"ದೂಡಿಕೊಂಡು ಹೋದ್ರೆ ಕೆಲಸ ಕಡಿಮೆಯಾ ಮಾಷ್ಟ್ರೇ?"

ತರಗತಿಯಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ, ಬರಬೇಕು. ಲೆಕ್ಕ ಮಾಡಿ ತೋರಿಸೋಣ. ಮಗುವಿನ ತೂಕ 45 ಕಿಲೋ, ಸೈಕಲ್ 17 ಕಿಲೋ, ಒಟ್ಟು 62. ಶೇಕಡಾ 5ರ ಏರಿನಲ್ಲಿ ಒಂದು ಕಿಲೋಮೀಟರ್ ಹೋದರೆ ಎತ್ತರ ಸುಮಾರು 50 ಮೀಟರ್. ಗುರುತ್ವದ ವಿರುದ್ಧ ಮಾಡುವ ಕೆಲಸ 62 × 9.8 × 50, ಅಂದರೆ 30 ಸಾವಿರ ಜೂಲಿಗಿಂತ ತುಸು ಹೆಚ್ಚು. ಪೆಡಲು ತುಳಿದರೂ ಅಷ್ಟೇ, ದೂಡಿದರೂ ಅಷ್ಟೇ.

ಬದಲಾಗುವುದು ಸಾಮರ್ಥ್ಯ, ಅಂದರೆ ಪವರ್. ಗಂಟೆಗೆ 4 ಕಿಲೋಮೀಟರಿನಂತೆ ದೂಡಿದರೆ 15 ನಿಮಿಷ ಬೇಕು. ಸುಮಾರು 34 ವಾಟ್. ಗಂಟೆಗೆ 8 ಕಿಲೋಮೀಟರಿನಂತೆ ತುಳಿದರೆ ಏಳೂವರೆ ನಿಮಿಷ. ಅದರ ಎರಡರಷ್ಟು ವಾಟ್. ಟಯರಿನ ಘರ್ಷಣೆ ಇದಕ್ಕೆ ಮೇಲಿಂದ. ನಮ್ಮ ಸ್ನಾಯುಗಳು ಆಹಾರದ ಶಕ್ತಿಯಲ್ಲಿ ಐದನೆಯ ಒಂದು ಅಥವಾ ನಾಲ್ಕನೆಯ ಒಂದು ಭಾಗವನ್ನಷ್ಟೇ ಕೆಲಸಕ್ಕೆ ಕೊಡುತ್ತವೆ, ಉಳಿದದ್ದು ಶಾಖ. ಹಾಗೆ ನೋಡಿದರೂ ಈ 50 ಮೀಟರ್ ಏರಿಗೆ ಹಿಡಿಯುವುದು 30–35 ಕಿಲೋಕ್ಯಾಲೊರಿ. ಒಂದು ಸಾಧಾರಣ ಬಾಳೆಹಣ್ಣಿನ ಮೂರನೆಯ ಒಂದು ಭಾಗ. ಶಕ್ತಿ ಇಷ್ಟು ಕಡಿಮೆ ಸಾಕೆಂದಾದರೆ ಮಗು ಅರ್ಧ ದಾರಿಯಲ್ಲಿ ಇಳಿಯುವುದೇಕೆ?

ಇಳಿಯುವುದು ಸೋಮಾರಿತನವಲ್ಲ

ಉತ್ತರ ಹಲ್ಲಿನ ಚಕ್ರದಲ್ಲಿದೆ. ಮುಂದಿನ ಚಕ್ರಕ್ಕೆ 44 ಹಲ್ಲು, ಹಿಂದಿನದಕ್ಕೆ 18 ಎಂದಿಟ್ಟುಕೊಳ್ಳಿ. ನಿಮ್ಮ ಶಾಲೆಯ ಸೈಕಲಿನಲ್ಲಿ ಎಷ್ಟೆಂದು ಮಕ್ಕಳೇ ಎಣಿಸಲಿ. ಪೆಡಲು ಒಂದು ಸುತ್ತು ಬಂದರೆ ಹಿಂಗಾಲಿ ಸುಮಾರು ಎರಡೂವರೆ ಸುತ್ತು ತಿರುಗಿ ಸೈಕಲ್ 5.4 ಮೀಟರ್ ಮುಂದೆ ಹೋಗುತ್ತದೆ. ಆ ಹೊತ್ತಿಗೆ ಕಾಲು ಸುತ್ತಿದ ದಾರಿ ಒಂದು ಮೀಟರಿಗಿಂತ ತುಸು ಹೆಚ್ಚು, ಅಷ್ಟೇ. ದೂರದಲ್ಲಿ ಐದು ಪಾಲು ಲಾಭ ಸಿಕ್ಕಿದರೆ ಬಲದಲ್ಲಿ ಐದು ಪಾಲು ತೆರಬೇಕು. ಇದು ಸನ್ನೆಕೋಲಿನ ನಿಯಮವೇ.

ಶೇಕಡಾ 10ರ ಚಡವಿನಲ್ಲಿ ಸೈಕಲನ್ನು ಮುಂದೆ ತಳ್ಳಲು ಸುಮಾರು 66 ನ್ಯೂಟನ್ ಬೇಕು. ಪೆಡಲಿನ ಮೇಲೆ ಅದು ಸರಾಸರಿ 330 ನ್ಯೂಟನ್ ಆಗುತ್ತದೆ, ಎಂದರೆ 34 ಕಿಲೋ ತೂಕ ಹೇರಿದ ಹಾಗೆ. ಆದರೆ ಪೆಡಲು ಮೇಲೂ ಕೆಳಗೂ ಇರುವಾಗ ತುಳಿತ ಹತ್ತುವುದಿಲ್ಲ. ಆ ಕೊರತೆ ತುಂಬಲು ಪೆಡಲು ಅಡ್ಡಕ್ಕೆ ಬಂದಾಗ 50 ಕಿಲೋಗೂ ಮಿಕ್ಕಿ ಬಲ ಬೇಕು. ಮಗುವಿನ ತೂಕವೇ 45 ಕಿಲೋ! ಸೀಟಿನಿಂದ ಎದ್ದು ಪೂರ್ತಿ ಭಾರ ಹಾಕಿ ನಿಂತರೂ ಸಾಲುವುದಿಲ್ಲ. ಹ್ಯಾಂಡಲನ್ನು ಜಗ್ಗಿ ಎಳೆಯುವ ಗಟ್ಟಿಗರು ನಾಲ್ಕು ಸುತ್ತು ತುಳಿದಾರು, ಮತ್ತೆ ಇಳಿಯಲೇಬೇಕು.

"ಹುಡುಗಿಯರಿಗೆ ಆಗುವುದಿಲ್ಲ", "ಅವನಿಗೆ ತಾಕತ್ತಿಲ್ಲ" ಎಂಬ ಮಾತುಗಳು ಶಾಲೆಯ ದಾರಿಯಲ್ಲಿ ಕೇಳಿಬರುತ್ತವೆ. ಅಂಥ ಮಾತಿಗೆ ಈ ಲೆಕ್ಕವೇ ಉತ್ತರ. ಅಲ್ಲಿ ಸೋತದ್ದು ಮಗುವಲ್ಲ, 44ಕ್ಕೆ 18 ಎಂಬ ಅನುಪಾತ. ಇದನ್ನು ಇಡೀ ತರಗತಿಯ ಎದುರು ಬೋರ್ಡಿನಲ್ಲಿ ಬರೆದು ತೋರಿಸುವುದು ಒಳ್ಳೆಯದು.

ಗೇರು ಮಾಡುವುದೇನು?

ನಮ್ಮ ಗುಡ್ಡೆಗಳಲ್ಲಿ ಗೇರು ಎಂದರೆ ಮೊದಲು ನೆನಪಾಗುವುದು ಮರ. ಸೈಕಲಿನ ಗೇರು ಹುಟ್ಟಿ ಬೆಳೆದದ್ದೂ ಗುಡ್ಡೆಗಳ ಕಾರಣದಿಂದಲೇ. ಫ್ರಾನ್ಸಿನ ಸೇಂಟ್ ಎಟಿಯೆನ್ ಪಟ್ಟಣದ ಪಕ್ಕದಲ್ಲಿ ಪಿಲಾ ಎಂಬ ಬೆಟ್ಟಸಾಲು ಉಂಟು. ಆ ಊರಿನ ಪಾಲ್ ಡಿ ವಿವಿ (1853–1930) ಅದೇ ದಾರಿಗಳಲ್ಲಿ ಸೈಕಲ್ ಬಿಡುತ್ತ, ಏರಿಗೆ ಒಂದು, ಸಮತಟ್ಟಿಗೆ ಒಂದು ಎಂದು ಬೇರೆ ಬೇರೆ ಗೇರು ಬೇಕೆಂದು ಬದುಕಿಡೀ ವಾದಿಸಿದವರು. ಟೂರ್ ಡಿ ಫ್ರಾನ್ಸ್ ಪಂದ್ಯದಲ್ಲಿ ಚೈನನ್ನು ಹಲ್ಲಿನಿಂದ ಹಲ್ಲಿಗೆ ದಾಟಿಸುವ ಗೇರಿಗೆ ಎಲ್ಲ ಸವಾರರಿಗೂ ಅನುಮತಿ ಸಿಕ್ಕಿದ್ದು 1937ರಲ್ಲಿ. ಅಲ್ಲಿಯವರೆಗೆ ಅಲ್ಲಿನ ಸ್ಪರ್ಧಿಗಳು ಬೆಟ್ಟದ ಬುಡದಲ್ಲಿ ಇಳಿದು, ಹಿಂಗಾಲಿ ಬಿಚ್ಚಿ, ಇನ್ನೊಂದು ಬದಿಯ ಹಲ್ಲಿಗೆ ಚೈನು ಸಿಕ್ಕಿಸಿ ಮುಂದೆ ಹೋಗುತ್ತಿದ್ದರು.

ಮುಂದೆ 28, ಹಿಂದೆ 28 ಹಲ್ಲು ಇದ್ದರೆ ಪೆಡಲಿನ ಒಂದು ಸುತ್ತಿಗೆ ಸೈಕಲ್ ಹೋಗುವುದು 2.2 ಮೀಟರ್ ಮಾತ್ರ. ಅದೇ ಶೇಕಡಾ 10ರ ಚಡವಿಗೆ ಸರಾಸರಿ 14 ಕಿಲೋ ಭಾರ ಸಾಕು. ಕೆಲಸ ಉಳಿಯಲಿಲ್ಲ, ಸುತ್ತು ಹೆಚ್ಚಾಯಿತು, ಬಲ ಕಡಿಮೆಯಾಯಿತು. ಗೇರಿಲ್ಲದ ಸೈಕಲಿಗೂ ಒಂದು ಸಣ್ಣ ಉಪಾಯವಿದೆ. ಹಿಂದಿನ ಹಲ್ಲಿನ ಚಕ್ರ ಸವೆದು ಬದಲಿಸುವ ಹೊತ್ತಿಗೆ 18ರ ಬದಲು 20 ಅಥವಾ 22 ಹಲ್ಲಿನದ್ದು ಸಿಗುತ್ತದೋ ಎಂದು ಸೈಕಲ್ ಅಂಗಡಿಯಲ್ಲಿ ಕೇಳಬಹುದು. 22 ಹಾಕಿದರೆ ತುಳಿತದ ಭಾರ ಶೇಕಡಾ 18ರಷ್ಟು ಇಳಿಯುತ್ತದೆ.

ಇಳಿಜಾರೇ ಕಷ್ಟದ್ದು

ಹತ್ತುವಾಗ ಕೂಡಿಟ್ಟ 30 ಸಾವಿರ ಜೂಲ್ ಇಳಿಯುವಾಗ ಎಲ್ಲಿಗಾದರೂ ಹೋಗಬೇಕು. ಒಂದೋ ವೇಗವಾಗುತ್ತದೆ, ಅಥವಾ ಶಾಖವಾಗುತ್ತದೆ. ಆ ಶಾಖ ಒಂದು ಲೀಟರ್ ನೀರನ್ನು 7 ಡಿಗ್ರಿ ಬಿಸಿ ಮಾಡುವಷ್ಟು. ಅದನ್ನು ನುಂಗಬೇಕಾದದ್ದು ಬೆರಳಿನಷ್ಟು ದೊಡ್ಡ ರಬ್ಬರ್ ತುಂಡುಗಳು ಮತ್ತು ರಿಮ್ಮು. ಬ್ರೇಕ್ ಹಿಡಿಯದೆ ಬಿಟ್ಟರೆ, ಗಾಳಿಯ ತಡೆಯನ್ನು ಲೆಕ್ಕಕ್ಕೆ ತಕ್ಕೊಂಡರೂ ಶೇಕಡಾ 5ರ ಇಳಿಜಾರಿನಲ್ಲಿ ವೇಗ ಗಂಟೆಗೆ 30 ಕಿಲೋಮೀಟರ್ ದಾಟುತ್ತದೆ. ಶೇಕಡಾ 10ರಲ್ಲಿ 50ರ ಹತ್ತಿರ ಬರುತ್ತದೆ.

ವೇಗ ಎರಡರಷ್ಟಾದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ನಾಲ್ಕರಷ್ಟು. ಸಮತಟ್ಟು ಒಣ ರಸ್ತೆಯಲ್ಲಿ ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ 3 ಮೀಟರಿಗೆ ನಿಲ್ಲುವ ಸೈಕಲ್, 30ರಲ್ಲಿ ಸುಮಾರು 12 ಮೀಟರ್ ತೆಗೆದುಕೊಳ್ಳುತ್ತದೆ. ಶೇಕಡಾ 10ರ ಇಳಿಜಾರಿನಲ್ಲಿ ಅದೇ 12 ಮೀಟರ್ 18 ಆಗುತ್ತದೆ. ಹಿಂದೆ ಇನ್ನೊಬ್ಬ ಕೂತರೆ ತೂಕ ಹೆಚ್ಚು, ಆದರೆ ಬ್ರೇಕ್ ಹಿಂಡುವ ಕೈ ಅದೇ. ಆದ್ದರಿಂದ ದೂರವೂ ಹೆಚ್ಚುಕಮ್ಮಿ ಇಮ್ಮಡಿ.

ಇದಕ್ಕೆ ಮಳೆಯನ್ನು ಸೇರಿಸಿ. ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಮಳೆ ಬೀಳುವ ಊರು ನಮ್ಮದು, ಅದರ ಬಹುಪಾಲು ಶಾಲೆ ಶುರುವಾಗುವ ಜೂನಿನಿಂದ ನಾಲ್ಕು ತಿಂಗಳಲ್ಲಿ. ಒದ್ದೆಯಾದ ಉಕ್ಕಿನ ರಿಮ್ಮಿಗೆ ರಬ್ಬರು ಕಚ್ಚುವುದಿಲ್ಲ. ಗಾಲಿ ಕೆಲವು ಸುತ್ತು ತಿರುಗಿ ನೀರು ಒರಸಿಹೋದ ಮೇಲಷ್ಟೇ ಬ್ರೇಕ್ ಹಿಡಿಯುತ್ತದೆ. ಅಷ್ಟರಲ್ಲಿ ಸೈಕಲ್ ಎಲ್ಲಿರುತ್ತದೆ? ನಮ್ಮ ಬೈಲುಗಳಲ್ಲಿ ಇಳಿಜಾರಿನ ಕೊನೆಗೆ ತೋಡು, ತೋಡಿಗೆ ಅಗಲ ಕಿರಿದಾದ ಸಂಕ, ಸಂಕಕ್ಕೆ ಮೊದಲು ಒಂದು ತಿರುವು. ವೇಗ ಅತಿ ಹೆಚ್ಚಾಗುವಲ್ಲೇ ದಾರಿ ಅತಿ ಕಿರಿದು. ಅಂಚಿನಲ್ಲಿ ಹಾವಸೆ ಬೇರೆ. ಈ ಪಾಠ ಪರೀಕ್ಷೆಗೆ ಮಾತ್ರವಲ್ಲ ಎನ್ನುವುದು ಇದಕ್ಕಾಗಿಯೇ.

ತರಗತಿಯಲ್ಲಿ ಮಾಡಬಹುದಾದದ್ದು

1. ಶಾಲೆಯ ಸಮತಟ್ಟು ಮೈದಾನದಲ್ಲಿ ಸುಣ್ಣದ ಗೆರೆ ಎಳೆಯಿರಿ. ಮಗು ನಿಧಾನವಾಗಿ ಬಂದು ಗೆರೆಯಲ್ಲಿ ಬ್ರೇಕ್ ಹಿಡಿಯಲಿ; ನಿಂತ ದೂರ ಅಳೆಯಿರಿ. ಆಮೇಲೆ ರಿಮ್ಮಿಗೆ ನೀರು ಹಾಕಿ ಅಷ್ಟೇ ವೇಗದಲ್ಲಿ ಮತ್ತೊಮ್ಮೆ ಅಳೆಯಿರಿ. ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಬರೆದರೆ ಉಪದೇಶ ಬೇಕಾಗುವುದಿಲ್ಲ.

2. ಬ್ರೇಕಿನ ರಬ್ಬರು, ತಂತಿ, ಟಯರು, ಬೆಲ್ಲು: ಜೂನ್ ಮೊದಲ ವಾರ ಮಕ್ಕಳೇ ಜೋಡಿಯಾಗಿ ಒಬ್ಬರದ್ದನ್ನು ಇನ್ನೊಬ್ಬರು ಪರೀಕ್ಷಿಸಿ ಪಟ್ಟಿ ಮಾಡಲಿ. ಗೆರೆ ಮಾಸುವಷ್ಟು ಸವೆದ ರಬ್ಬರನ್ನು ಕೂಡಲೇ ಬದಲಿಸಬೇಕು.

3. ಇಳಿಯುವ ಕ್ರಮ ಕಲಿಸಿ. ವೇಗ ಏರುವ ಮೊದಲೇ ಬ್ರೇಕ್ ಹಿಡಿಯಲು ಶುರು ಮಾಡುವುದು, ಎರಡನ್ನೂ ಒಟ್ಟಿಗೆ ಹಿಡಿಯುವುದು, ಮೈಯನ್ನು ಹಿಂದಕ್ಕೆ ತರುವುದು. ಬ್ರೇಕ್ ಹಿಡಿದಾಗ ಭಾರ ಮುಂಗಾಲಿಗೆ ಸರಿಯುತ್ತದೆ. ಮುಂದಿನ ಬ್ರೇಕನ್ನು ಮಾತ್ರ ಒಮ್ಮೆಲೇ ಹಿಂಡಿದರೆ ಸವಾರ ಹ್ಯಾಂಡಲಿನ ಮೇಲಿಂದ ಹಾರುತ್ತಾನೆ.

4. ಹತ್ತುವಾಗ ರಸ್ತೆಯಲ್ಲಿ ಅಂಕುಡೊಂಕಾಗಿ ತುಳಿದರೆ ಸುಲಭವೆಂದು ಮಕ್ಕಳಿಗೆ ಗೊತ್ತು. ಭೌತಶಾಸ್ತ್ರದ ಪ್ರಕಾರ ಅದು ಸರಿಯೇ, ಘಾಟಿ ರಸ್ತೆಯ ತಿರುವಿನ ತತ್ವವೂ ಅದೇ. ಆದರೆ ಹಿಂದಿನಿಂದ ಬರುವ ಜೀಪಿನವನಿಗೆ ಅದು ಗೊತ್ತಿರುವುದಿಲ್ಲ. ಇಳಿದು ಬದಿಯಲ್ಲಿ ದೂಡಲಿ. ಮಾಡುವ ಕೆಲಸ ಒಂದೇ ಎಂದು ಈಗ ಅವರೇ ಲೆಕ್ಕ ಹಾಕಬಲ್ಲರು.

ನಿಮ್ಮ ಶಾಲೆಯ ದಾರಿಯ ಅತಿ ಕಡಿದಾದ ಚಡವು ಶೇಕಡಾ ಎಷ್ಟು? ಮಕ್ಕಳು ಅಳೆದ ಗ್ರಾಫನ್ನು ತರಗತಿಯ ಗೋಡೆಯಲ್ಲಿ ಅಂಟಿಸಿ, ಯಾವ ಜಾಗದಿಂದ ಇಳಿದು ನಡೆಯಬೇಕೆಂದು ಅವರೇ ಕೆಂಪು ಗುರುತು ಹಾಕಲಿ.